ಎರಡು ಬೆರಳು ಎತ್ತರ

ಅನಾಹುತ ಶುರುವಾಗಿದ್ದು ಎರಡು ಬೆರಳಿನಿಂದ. ವರ್ಷದ ಮೊದಲ ರೇಸಿನ ದಿನ ಬೆಳಿಗ್ಗೆ ಕೆಂಡ ತನ್ನ ಬೈಕಿನ ಮೇಲೆ ಕೂತು ಹ್ಯಾಂಡಲ್ ಹಿಡಿದ. ಹ್ಯಾಂಡಲ್ ಇರಬೇಕಾದ ಜಾಗದಲ್ಲಿ ಇರಲಿಲ್ಲ. ಎರಡು ಬೆರಳಿನಷ್ಟು ಮೇಲೆ ಹೋಗಿ ಕೂತಿತ್ತು.

“ಯಾರು ಇದನ್ನ ಮುಟ್ಟಿದ್ದು?”

ಮೆಕ್ಯಾನಿಕ್ ತಲೆ ಎತ್ತಲಿಲ್ಲ. ಕೆಸರು ಮೆತ್ತಿಕೊಳ್ಳದೆ ಜಾರಿ ಹೋಗಲಿ ಎಂದು ಮಡ್‌ಗಾರ್ಡಿನ ಒಳಗಡೆ ಎಣ್ಣೆ ಬಳಿಯುತ್ತಿದ್ದ ಅವನು, ಇನ್ನಷ್ಟು ಒಳಗೆ ತಲೆ ತೂರಿಸಿದ. ಉತ್ತರ ಬಂದದ್ದು ಡೇರೆಯ ಮೂಲೆಯಿಂದ. ಅಲ್ಲಿ ಮಡಚುವ ಕುರ್ಚಿಯ ಮೇಲೆ ಕೂತು ಭಾವಮೈದುನ ಬಿಸ್ಕತ್ತು ತಿನ್ನುತ್ತಿದ್ದ.

“ನಾನೇ ಭಾವ. ನೀವು ಓಡಿಸೋವಾಗ ಬೆನ್ನು ಬಿಲ್ಲಿನ ಥರ ಬಗ್ಗಿರುತ್ತೆ, ನೋಡಿದ್ರೆ ಪಾಪ ಅನ್ಸುತ್ತೆ. ಎರಡೇ ಬೆರಳು ಎತ್ತಿದೀನಿ. ಉಪಕಾರ ಅಂತೆಲ್ಲ ಅಂದ್ಕೋಬೇಡಿ, ಮನೆಯವನಲ್ವಾ.”

ಭಾವಮೈದುನನ ಕಸುಬು ಹೊಲಿಗೆ ಮೆಷಿನ್ ರಿಪೇರಿ. ತಿರುಗುವ ಚಕ್ರವೊಂದಿದ್ದರೆ ಸಾಕು, ಅದು ತನ್ನ ಕೈಗಾಗಿಯೇ ಹುಟ್ಟಿದೆ ಎಂದು ಅವನ ನಂಬಿಕೆ. ಹೋದ ವರ್ಷ ಅಕ್ಕನ ಮನೆಯ ಬಟ್ಟೆ ಒಗೆಯುವ ಮೆಷಿನ್ ಬಿಚ್ಚಿ ಜೋಡಿಸಿಕೊಟ್ಟಿದ್ದ. ಅಂದಿನಿಂದ ಅದು ಬಟ್ಟೆ ಒಗೆಯುವುದಕ್ಕಿಂತ ಹೆಚ್ಚಾಗಿ ಮನೆಯೊಳಗೆ ವಾಕಿಂಗ್ ಮಾಡುತ್ತಿತ್ತು.

“ಇಳಿಸು ಇದನ್ನ, ಈಗಲೇ,” ಎಂದ ಕೆಂಡ ಮೆಕ್ಯಾನಿಕ್ಕಿಗೆ.

“ಟೈಮಿಲ್ಲ ಅಣ್ಣ, ಆಗಲೇ ಗೇಟಿಗೆ ಕರೀತಿದ್ದಾರೆ. ಸಾಲದು ಅಂತ ಇವರು ಬೋಲ್ಟಿನ ತಲೆ ಸವೆಸಿಟ್ಟಿದ್ದಾರೆ. ಪಾನಾ ಹಿಡೀತಾನೇ ಇಲ್ಲ.”

“ಪಾನಾ ಅಲ್ಲ ಭಾವ, ಕತ್ತರಿಯಲ್ಲಿ ಬಿಗಿದೆ,” ಎಂದು ಭಾವಮೈದುನ ಸಮಜಾಯಿಷಿ ಕೊಟ್ಟ.

ಕೆಂಡ ಎನ್ನುವುದು ಅವನ ಹೆಸರಲ್ಲ. ಆದರೆ ಅವನ ಮುಖ ಕಂಡ ಯಾರಿಗೂ ಬೇರೆ ಹೆಸರು ಹೊಳೆಯುತ್ತಿರಲಿಲ್ಲ. ಕುದಿಯುವ ಪಾತ್ರೆಯ ಮುಚ್ಚಳದಂತೆ ಅವನ ಮೀಸೆ ಕುಣಿಯತೊಡಗಿತು. ಅಷ್ಟರಲ್ಲಿ ಕೊಡೆ ಹಿಡಿದುಕೊಂಡು ತಂಡದ ಮ್ಯಾನೇಜರ್ ಒಳಗೆ ಬಂದ. ಹಿಂದೆಯೇ ಮೌನಿ.

ಮೌನಿ ತಂಡದ ಎರಡನೆಯ ಸವಾರ. ಇಬ್ಬರದೂ ಒಂದೇ ಮಾದರಿಯ ಬೈಕು, ಒಂದೇ ಬಣ್ಣದ ಅಂಗಿ, ಒಂದೇ ಬಣ್ಣದ ಹೆಲ್ಮೆಟ್ಟು. ವ್ಯತ್ಯಾಸ ನಂಬರಿನಲ್ಲಿ ಮಾತ್ರ: ಕೆಂಡನದು ಹದಿನಾಲ್ಕು, ಮೌನಿಯದು ಮೂವತ್ತೊಂದು.

“ಈ ವರ್ಷ ಕೈ ಬಿಗಿ ಇದೆ. ಇಬ್ಬರನ್ನ ಇಟ್ಕೊಳ್ಳೋಕೆ ಆಗಲ್ಲ,” ಎಂದ ಮ್ಯಾನೇಜರ್. “ಇವತ್ತು ನಿಮ್ಮಿಬ್ಬರಲ್ಲಿ ಯಾರು ಮುಂದೆ ಬರ್ತಾರೋ ಅವರಿಗೆ ಜಾಗ. ಇನ್ನೊಬ್ಬರು ಮನೇಲಿರಬಹುದು.”

ಮೌನಿ ತಲೆಯಾಡಿಸಿದ. ಅವನು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಕೆಂಡನಿಗೆ ಅದಕ್ಕೂ ಸಿಟ್ಟು ಬಂತು. ಮಾತಾಡದವನನ್ನು ಬೈಯುವುದೆಂದರೆ ಗೋಡೆಗೆ ಚೆಂಡು ಎಸೆದ ಹಾಗೆ. ತಿರುಗಿ ತನ್ನ ಮೂಗಿಗೇ ಬಡಿಯುತ್ತದೆ.

ಹೊರಡುವಾಗ ಹೆಂಡತಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು, “ರೀ, ಸಿಟ್ಟು ಮಾಡ್ಕೊಳ್ದೆ ಓಡಿಸಿ.”

“ನಾನೆಲ್ಲಿ ಸಿಟ್ಟು ಮಾಡ್ಕೊಂಡಿದೀನಿ?” ಎಂದು ಅವನು ಅಬ್ಬರಿಸಿದ್ದಕ್ಕೆ ಪಕ್ಕದ ಡೇರೆಯ ನಾಯಿ ಎದ್ದು ವ್ಯಾನಿನ ಕೆಳಗೆ ಹೋಗಿ ಮಲಗಿತು.

ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ರೇಸಿನ ಹಾದಿ ಯಾರೋ ನೀರು ಜಾಸ್ತಿ ಸುರಿದು ಕಲಸಿಟ್ಟ ಹಿಟ್ಟಿನಂತಿತ್ತು. ಬೈಕುಗಳ ಸಾಲಿಗೆ ಅಡ್ಡ ಇದ್ದ ಗೇಟು ಬಿತ್ತು; ಮೂವತ್ತು ಬೈಕುಗಳು ಒಟ್ಟಿಗೆ ಕೂಗಿದವು. ಮುಂದಿನವನ ಹಿಂಚಕ್ರ ಎರಚಿದ ಕೆಸರು ಹಿಂದಿನವನ ಎದೆಗೆ, ಮುಖಕ್ಕೆ, ಬಾಯಿಗೆ. ಕನ್ನಡಕದ ಮೇಲೆ ಅಂಟಿಸಿದ್ದ ತೆಳು ಪಾರದರ್ಶಕ ಹಾಳೆಗಳನ್ನು ಕೆಸರಾದಂತೆಲ್ಲ ಕೆಂಡ ಒಂದೊಂದಾಗಿ ಕಿತ್ತು ಎಸೆದ. ಪ್ರತಿ ದಿಬ್ಬ ಹಾರುವಾಗಲೂ ಆ ಹಾಳು ಹ್ಯಾಂಡಲ್ ಎದೆಗೆ ಬರುತ್ತಿತ್ತು. ಪ್ರತಿ ಸಲ ನೆಲ ಮುಟ್ಟುವಾಗಲೂ ಅವನು ಭಾವಮೈದುನನಿಗೆ ಹೊಸದೊಂದು ಬೈಗುಳ ಹುಡುಕುತ್ತಿದ್ದ.

ಎರಡನೆಯ ಸುತ್ತಿನಲ್ಲಿ, ದೊಡ್ಡ ದಿಬ್ಬದ ಕೆಳಗಿನ ಗುಂಡಿಯಲ್ಲಿ, ಮೌನಿ ಜಾರಿದ. ಅವನ ಮೇಲೆ ಕೆಂಡ ಬಿದ್ದ. ಇಬ್ಬರೂ ಮೊಣಕಾಲುದ್ದದ ಕೆಸರಿನಲ್ಲಿ ಮುಳುಗಿ ಎದ್ದರು. ಎಲ್ಲಿ ನೋಡಿದರೂ ಒಂದೇ ಬಣ್ಣ.

“ಕಣ್ಣು ಕಾಣಲ್ವೇನೋ?” ಎಂದು ಬೈಯುತ್ತಲೇ ಕೆಂಡ ಬೈಕು ಎತ್ತಿದ, ಕಿಕ್ ಹೊಡೆದ, ಹತ್ತಿದ, ಹೊರಟ.

ಹೊರಟವನಿಗೆ ಆಶ್ಚರ್ಯವಾಯಿತು. ಹ್ಯಾಂಡಲ್ ಇರಬೇಕಾದಲ್ಲಿಗೆ ಇಳಿದಿತ್ತು. ಬಿದ್ದ ಪೆಟ್ಟಿಗೆ ಇಳಿದಿರಬೇಕು; ಎಷ್ಟೆಂದರೂ ಕತ್ತರಿಯಲ್ಲಿ ಬಿಗಿದ ಬೋಲ್ಟು. ಬೆಳಗಿನಿಂದ ಆದ ಒಂದೇ ಒಂದು ಒಳ್ಳೆಯ ಕೆಲಸ ಅದು. ಅದನ್ನೂ ಮಾಡಿದ್ದು ಮನುಷ್ಯರಲ್ಲ, ಗುಂಡಿ.

ಹಿಂದಿನಿಂದ ಯಾರೋ ಕೂಗಿದಂತಾಯಿತು. “ಅಣ್ಣಾ, ಅಣ್ಣಾ, ನಿಲ್ಲೀ.” ದನಿ ಮೌನಿಯದು. ವರ್ಷವಿಡೀ ಬಾಯಿ ಬಿಡದವನು ಈಗ ದಾರಿ ಬಿಡಿ ಎಂದು ಕೇಳಲು ಬಾಯಿ ಬಿಟ್ಟನೇ? ಕೆಂಡ ಕಿವಿ ಕೊಡಲಿಲ್ಲ, ಆಕ್ಸಿಲರೇಟರ್ ಕೊಟ್ಟ.

ಆಮೇಲೆ ಅವನು ಓಡಿಸಿದ ರೀತಿ ಅವನಿಗೇ ಗೊತ್ತು. ಒಬ್ಬೊಬ್ಬರನ್ನೇ ಹಿಂದೆ ಹಾಕಿದ. ತಿರುವಿನಲ್ಲಿ ಸುತ್ತಿನ ಲೆಕ್ಕ ಬರೆದ ಬೋರ್ಡು ಹಿಡಿದು ನಿಂತಿದ್ದ ಅವನ ಮೆಕ್ಯಾನಿಕ್ ಮಾತ್ರ ಅವನತ್ತ ನೋಡಲೇ ಇಲ್ಲ. ಎದುರಿಗೇ ಹಾದುಹೋದರೂ ಕತ್ತು ಚಾಚಿ ಹಿಂದೆ ಯಾರನ್ನೋ ಹುಡುಕುತ್ತಿದ್ದ. ‘ಇವನಿಗೆ ಇವತ್ತೇ ಕೊನೆ,’ ಎಂದುಕೊಂಡ ಕೆಂಡ. ಹಗ್ಗದ ಆಚೆ ನಿಂತಿದ್ದ ಮೌನಿಯ ತಾಯಿ ಮಾತ್ರ ಪ್ರತಿ ಸುತ್ತಿನಲ್ಲೂ ಅವನನ್ನು ಕಂಡೊಡನೆ ಕೊಡೆ ಎಸೆದು ಕುಣಿಯುತ್ತಿದ್ದಳು. ತನ್ನವರಿಗೆ ತಿಳಿಯದ ಯೋಗ್ಯತೆ ಎದುರಾಳಿಯ ತಾಯಿಗಾದರೂ ತಿಳಿಯಿತಲ್ಲ ಎಂದು ಅವನು ಇನ್ನಷ್ಟು ಜೋರಾಗಿ ಓಡಿಸಿದ.

ಕೊನೆಯ ಸುತ್ತಿನಲ್ಲಿ ಅವನ ಮುಂದೆ ಯಾರೂ ಇರಲಿಲ್ಲ. ಬಾವುಟ ಬೀಸಿದರು. ಕೆಂಡ ಗೆದ್ದ.

ಲೌಡ್‌ಸ್ಪೀಕರ್ ಏನೋ ಅರಚುತ್ತಿತ್ತು. ಕಿವಿ ತುಂಬ ಕೆಸರು, ಒಂದೂ ಕೇಳಲಿಲ್ಲ. ಡೇರೆಯ ಮುಂದೆ ಬೈಕು ನಿಲ್ಲಿಸಿದರೆ, ಹೆಂಡತಿ ಸೆರಗಿನಲ್ಲಿ ಕಣ್ಣೊರೆಸುತ್ತ ನಿಂತಿದ್ದಾಳೆ. ಭಾವಮೈದುನನ ಮುಖದಲ್ಲಿ ಯಾರೋ ಸತ್ತ ಮನೆಯ ಕಳೆ. ಬಿಸ್ಕತ್ತು ಕೂಡ ಕೈಯಲ್ಲೇ ನೆನೆಯುತ್ತಿತ್ತು. ಗೆದ್ದು ಬಂದವನಿಗೆ ಇದೇನು ಸ್ವಾಗತ ಎಂದು ಕೆಂಡ ಬಾಯಿ ತೆರೆದ. ಮಾತು ಹೊರಬೀಳುವ ಮೊದಲೇ ಯಾರೋ ಹಿಂದಿನಿಂದ ಬಂದು ಕೆಸರು ಸಮೇತ ಅವನನ್ನು ತಬ್ಬಿದರು. ಮೌನಿಯ ತಾಯಿ.

“ಗೆದ್ಬಿಟ್ಯಲ್ಲೋ ನನ್ ಕಂದಾ. ಆ ಸಿಡುಕು ಮೂತಿಯವನ ಸೊಕ್ಕು ಮುರಿದ್ಯಲ್ಲೋ.”

ಅವಳು ಹೆಲ್ಮೆಟ್ಟಿಗೆ ಮುತ್ತಿಟ್ಟಳು. ಕೆಂಡ ಹೆಲ್ಮೆಟ್ಟು ತೆಗೆದ. ಅವಳು ಎರಡು ಹೆಜ್ಜೆ ಹಿಂದೆ ಸರಿದು, ತುಟಿಯ ಕೆಸರು ಒರೆಸಿಕೊಂಡು, ಬಹಳ ಸಮಾಧಾನದಿಂದ ಕೇಳಿದಳು.

“ನೀನ್ಯಾಕಪ್ಪಾ ನನ್ನ ಮಗನ ಗಾಡೀಲಿದೀಯ?”

ಕೆಂಡ ಬಗ್ಗಿ, ಮಳೆಗೆ ಅರೆಬರೆ ತೊಳೆದಿದ್ದ ಬೈಕಿನ ಮುಂದಿನ ಫಲಕವನ್ನು ಕೈಗವಸಿನಿಂದ ಒರೆಸಿದ. ಮೊದಲು ಮೂರು ಕಾಣಿಸಿತು. ಆಮೇಲೆ ಒಂದು.

ಅಷ್ಟರಲ್ಲಿ ಹದಿನಾಲ್ಕನೆಯ ನಂಬರಿನ ಬೈಕು ಬಂದು ನಿಂತಿತು. ಅದರಿಂದ ಇಳಿದ ಮೌನಿಯ ದನಿ ಒಡೆದ ಪೀಪಿಯಂತಾಗಿತ್ತು. “ಕೂಗಿದೆ ಅಣ್ಣಾ. ಉಳಿದ ಏಳು ಸುತ್ತೂ ಹಿಂದೆ ಹಿಂದೆ ಬಂದು ಕೂಗಿದೆ. ನೀವು ಇನ್ನೂ ಜೋರಾಗಿ ಹೋದ್ರಿ.”

ರೇಸಿನ ಅಧಿಕಾರಿ ಬಂದ, ನೋಡಿದ, ತಲೆ ಕೆರೆದುಕೊಂಡ. “ಇನ್ನೊಬ್ಬರ ಗಾಡಿ ಹತ್ತಿದ್ರೆ ಓಡಿದ್ದು ಲೆಕ್ಕಕ್ಕಿಲ್ಲ. ಇಬ್ಬರೂ ಹೊರಗೆ,” ಎಂದು ಹೇಳಿ ಹೋದ.

ಎಲ್ಲರೂ ಮ್ಯಾನೇಜರನ ಮುಖ ನೋಡಿದರು. ಅವನು ಕೊಡೆ ಮಡಚಿದ.

“ಓಡಿಸೋದ್ರಲ್ಲಿ ನಿನ್ನ ಮೀರಿಸೋರಿಲ್ಲ, ಒಪ್ಪಿದೆ,” ಎಂದ ಕೆಂಡನಿಗೆ. “ಆದ್ರೆ ನಂಗೆ ತನ್ನ ಗಾಡಿ ಯಾವುದು ಅಂತ ಗೊತ್ತಿರೋನು ಬೇಕು. ಜಾಗ ಇವನಿಗೆ.”

ಮೌನಿ ತಲೆಯಾಡಿಸಿದ. ಆಮೇಲೆ, ಒಮ್ಮೆ ತೆರೆದ ಬಾಯಿ ಇನ್ನು ಮುಚ್ಚುವುದೇಕೆ ಎನ್ನುವಂತೆ, ಮತ್ತೂ ಮಾತಾಡಿದ.

“ಒಂದು ಮಾತು ಸಾರ್. ಆ ಗಾಡಿ ಹ್ಯಾಂಡಲ್ ಎಷ್ಟು ಹಿತವಾಗಿತ್ತು ಅಂತೀರಿ. ವರ್ಷದಿಂದ ಕಾಡ್ತಿದ್ದ ಭುಜದ ನೋವು ಇವತ್ತು ಬರಲೇ ಇಲ್ಲ. ಆ ಎತ್ತರಕ್ಕೆ ಯಾರು ಕೂರಿಸಿದ್ದು?”

ಮಡಚುವ ಕುರ್ಚಿ ಕಿರುಗುಟ್ಟಿತು. ಭಾವಮೈದುನ ಬಿಸ್ಕತ್ತು ಹಿಡಿದ ಕೈ ಎತ್ತಿದ.

ಸಂಜೆ ವಾಪಸ್ ಹೋಗುವಾಗ ತಂಡದ ವ್ಯಾನಿನಲ್ಲಿ ಡ್ರೈವರ್ ಪಕ್ಕದ ಸೀಟು ಭಾವಮೈದುನನದು. ತಲೆಯ ಮೇಲೆ ತಂಡದ ಹೊಸ ಟೋಪಿ. ಕೆಂಡನಿಗೆ ಸಿಕ್ಕಿದ್ದು ಹಿಂದುಗಡೆ, ಬೈಕುಗಳ ನಡುವೆ. ವ್ಯಾನು ಗುಂಡಿಗೆ ಇಳಿದಾಗಲೆಲ್ಲ ಹದಿನಾಲ್ಕನೆಯ ನಂಬರಿನ ಹ್ಯಾಂಡಲ್ ಎರಡು ಬೆರಳು ಮೇಲಿನಿಂದ ಬಂದು ಅವನ ಎದೆಗೆ ಗುದ್ದುತ್ತಿತ್ತು. ಎದುರಿಗೆ ಕೂತಿದ್ದ ಹೆಂಡತಿ ಕಿಟಕಿಯಾಚೆ ನೋಡುತ್ತಿದ್ದಳು.

ಭಾವಮೈದುನ ಹಿಂದಕ್ಕೆ ತಿರುಗಿ ಪ್ರೀತಿಯಿಂದ ಹೇಳಿದ, “ಚಿಂತೆ ಬಿಡಿ ಭಾವ. ಮ್ಯಾನೇಜರ್ ನನ್ನ ಮಾತು ತೆಗೆದುಹಾಕಲ್ಲ, ನಿಮ್ಮ ವಿಷಯ ಹೇಳಿದೀನಿ. ಬೈಕು ತೊಳೆಯೋಕೆ ಒಬ್ಬರು ಬೇಕಂತೆ. ದೊಡ್ಡ ಕಷ್ಟ ಏನಿಲ್ಲ. ನಂಬರ್ ಕಾಣೋ ಹಾಗೆ ತೊಳೀಬೇಕು, ಅಷ್ಟೇ.”