ತಿಮ್ಮಪ್ಪನ ನಾಲ್ಕು ಸಾಲು ಇಂಗ್ಲಿಷ್

ಲಾಕ್‌ಡೌನಿನಲ್ಲಿ ಕಡಲಾಚೆಯ ಬ್ರಿಕ್‌ಫೀಲ್ಡ್ಸ್‌ನ ಒಂದು ಹೋಟೆಲಿನಲ್ಲಿ ಕೂತು ತಿನ್ನುವುದು ನಿಂತು ಬರೀ ಕಟ್ಟಿಸಿಕೊಂಡು ಹೋಗುವ ತಾಪಾವ್ ಉಳಿದಾಗ, ಕುಂದಾಪುರದ ಧಣಿ ದೋಸೆ ಹುಯ್ಯುವ ನಾಲ್ವರಿಗೂ ಒಂದೇ ವಾಟ್ಸಾಪ್ ಕಳಿಸಿದ. ಒಬ್ಬರಿಗೆ ಮಾತ್ರ ಕೆಲಸ. ನಿಮ್ಮನ್ನೇ ಯಾಕೆ ಇಟ್ಟುಕೊಳ್ಳಬೇಕು, ಇವತ್ತು ಸಂಜೆ ನಾಲ್ಕರೊಳಗೆ ಇಂಗ್ಲಿಷಿನಲ್ಲಿ ಬರೆಯಿರಿ.

ಹದಿನೈದು ವರ್ಷ ದೋಸೆ ಹುಯ್ದ ತಿಮ್ಮಪ್ಪನ ಕೈಯನ್ನೇ ಕೇಳಿದ್ದರೆ ಸಾಕಿತ್ತು. ಆದರೆ ಕೈಗೆ ಇಂಗ್ಲಿಷ್ ಬರುವುದಿಲ್ಲವಲ್ಲ. ಕೆಲಸ ಹೋದರೆ ಪರ್ಮಿಟ್ಟೂ ಹೋಗುತ್ತದೆ. ಊರಿಗೆ ಹೊರಡೋಣವೆಂದರೆ ವಿಮಾನವೂ ಇಲ್ಲ. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ‘ಐ ಆಮ್ ಹಾರ್ಡ್‌ವರ್ಕಿಂಗ್’ ಎಂದು ಬರೆದು, ಸರಿಯಿದೆಯಾ ಅಂತ ಎದುರುಮನೆಯ ನಿತ್ಯಾನಂದ ಮೇಷ್ಟ್ರಿಗೆ ತೋರಿಸಿದ. ಅಲ್ಲೇ ಎಡವಿದ್ದು.

ಇಲ್ಲಿನ ಮೆಡಿಕಲ್ ಕಾಲೇಜಿನ ಪಾಠವೆಲ್ಲ ಆನ್‌ಲೈನಾಗಿ, ತಿದ್ದಲು ಎದುರಿಗೊಂದು ಜೀವವಿಲ್ಲದೆ ಮಣಿಪಾಲದಿಂದ ಬಂದ ಮೇಷ್ಟ್ರು ಒಣಗಿಹೋಗಿದ್ದರು.

“ಹಾರ್ಡ್‌ವರ್ಕಿಂಗ್ ಅಂದ್ರೆ ಕತ್ತೆಯೂ ಹೌದು ಮಾರಾಯ. ಡಿಲಿಜೆಂಟ್ ಅಂತ ಹಾಕು.”

ಪಕ್ಕದ ಬಾಗಿಲು ತೆರೆಯಿತು. ಐಟಿ ಕಂಪನಿಗೆ ಜನ ಆರಿಸುವ ಮೈಸೂರಿನ ಜಲಜಾಕ್ಷಿ ಮೇಡಂ ಮಾಸ್ಕಿನೊಳಗಿಂದಲೇ ಶುರುಮಾಡಿದರು. ಡಿಲಿಜೆಂಟ್ ಗುಮಾಸ್ತರಿಗಂತೆ, ಈಗೆಲ್ಲ ಡೆಡಿಕೇಟೆಡ್ ಅಂತೆ. ಅದು ಗುಡಿಯ ಗಂಟೆಗೆ ಅಂದರು ಮೇಷ್ಟ್ರು. ಆರಡಿ ಅಂತರದಲ್ಲೇ ಪದಗಳು ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಚುರ್ರೆಂದವು. ನಡುವೆ ತಿಮ್ಮಪ್ಪ ಬರೆದ, ಅಳಿಸಿದ, ಮತ್ತೆ ಬರೆದ. ನನಗಿದು ಅನ್ನ, ಇವರಿಗೆ ಪದಬಂಧ ಎಂದು ಒಳಗೇ ಕುದಿದರೂ ಬಾಯಲ್ಲಿ ಬಂದದ್ದು “ಹೌದು ಸಾರ್” ಮಾತ್ರ.

“ದೋಸೆ ಚೆನ್ನಾಗಿ ಹುಯ್ತೀನಿ ಅಂತ ಬರೆದ್ರೆ ಸಾಲ್ದಾ ಮೇಡಂ?”

“ಅಯ್ಯೋ, ಅದನ್ನೆಲ್ಲ ಯಾರಾದ್ರೂ ಬರೀತಾರೇನ್ರೀ.”

ನಾಲ್ಕಕ್ಕೆ ಐದು ನಿಮಿಷವಿರುವಾಗ ಇಬ್ಬರ ಪದಗಳನ್ನೂ ಹೊತ್ತು, ದೋಸೆಯೊಂದನ್ನು ಬಿಟ್ಟು, ನಾಲ್ಕು ಸಾಲು ಹೋದವು. ಕೂಡಲೇ ಧಣಿಯ ಫೋನು.

“ಎಂಥ ಇಂಗ್ಲಿಷ್ ಮಾರಾಯ ನಿಂದು. ನಂಗೇ ಅರ್ಧ ಅರ್ಥ ಆಗ್ಲಿಲ್ಲ. ಒಂದು ಕೆಲಸ ಉಂಟು, ನಿನ್ನಿಂದ ಮಾತ್ರ ಆಗುದು.”

ತಿಮ್ಮಪ್ಪನ ಎದೆ ಹುದುಗಿದ ಹಿಟ್ಟಿನಂತೆ ಉಬ್ಬಿತು. ಬಾಗಿಲಲ್ಲಿದ್ದ ಇಬ್ಬರೂ ಇದು ತಮ್ಮ ಪದದ ಮಹಿಮೆಯೆಂದು ಅರಳಿದರು.

ಕೆಲಸದಿಂದ ತೆಗೆಯುವ ಕಾಗದ ಬರೆಯಬೇಕಂತೆ. ಅದನ್ನು ಓದುವವರ ಮನಸ್ಸು ನೋಯಬಾರದಂತೆ. ಮೂರು ಪ್ರತಿ.

“ಯಾರ್ಯಾರ ಹೆಸರು ಹಾಕ್ಲಿ ಧಣಿ?”

“ನಿನ್ನ ಜೊತೆ ದೋಸೆ ಹುಯ್ಯುವ ಆ ಇಬ್ಬರದ್ದು, ಮತ್ತೆ ನಿಂದು. ಇಷ್ಟು ಇಂಗ್ಲಿಷ್ ಬರುವವನನ್ನು ಕಾವಲಿ ಮುಂದೆ ನಿಲ್ಲಿಸುದು ಪಾಪ ಅಲ್ವಾ? ನಾಲ್ಕನೆಯವಳು ಗುಲಾಬಿ ‘ಐ ದೋಸೆ’ ಅಂತ ಎರಡೇ ಪದ ಬರ್ದಿದ್ದಾಳೆ. ಅವಳಿಗೆ ಬೇರೆ ಎಲ್ಲಿ ಕೆಲಸ ಸಿಕ್ತದೆ? ಅವಳೇ ಇರ್ಲಿ.”

ತಿಮ್ಮಪ್ಪ ಫೋನಿಟ್ಟು ನಡೆದದ್ದನ್ನು ಹೇಳಿದ. ಮೇಷ್ಟ್ರು ಕನ್ನಡಕ ಏರಿಸಿ, ಹಾಗಾದರೆ ಟರ್ಮಿನೇಟ್ ಅಂತ ಹಾಕು ಎಂದರು.

“ಛೆ ಛೆ,” ಎಂದರು ಜಲಜಾಕ್ಷಿ ಮೇಡಂ, “ರಿಲೀವ್ ಅನ್ನಬೇಕು.”