ಸಪ್ಪೆ ಕಾಫಿಯ ಒಂದು ವರ್ಷ

ಕಬ್ಬಿನ ಸೀಮೆಯಲ್ಲಿ ಕಾಫಿ ಅಂಗಡಿ ಇಟ್ಟುಕೊಂಡು, ಸಕ್ಕರೆ ಕಡಿಮೆ ಹಾಕುತ್ತೇನೆ ಅಂತ ಹೊರಟರೆ ಇಂಥ ಪ್ರಸಂಗಗಳು ಬೆಳಗಾದರೆ ಎದುರಾಗುತ್ತವೆ. ಕೇಳಿದವರೆಲ್ಲ ನಗುತ್ತಾರೆ. ನಾನು ಮಾತ್ರ ಅವತ್ತವತ್ತಿಗೆ ತಲೆ ಚಚ್ಚಿಕೊಂಡಿದ್ದೇ ಹೆಚ್ಚು.

ಮದ್ದೂರಿನಲ್ಲಿ ಹಳೇ ರಸ್ತೆ ಪಕ್ಕ ನಮ್ಮ ಅಂಗಡಿ. ಡಿಕಾಕ್ಷನ್ ನಮ್ಮ ಯಜಮಾನರದು, ಹಾಲು ನನ್ನದು. ಕಾಲಕ್ಕೊಂದು ಕಾಫಿ ನಮ್ಮಲ್ಲಿ ವಿಶೇಷ. ಚಳಿಗೆ ಶುಂಠಿ ಕಾಫಿ, ಬೇಸಿಗೆಗೆ ಐಸ್‌ಕ್ರೀಮ್ ತೇಲಿಸಿದ ತಣ್ಣನೆ ಕಾಫಿ, ಮಳೆಗೆ ಏಲಕ್ಕಿ ಕಾಫಿ. ಯಾವುದೇ ಮಾಡಲಿ, ಮೊದಲ ಲೋಟ ಯಜಮಾನರೇ ರುಚಿ ನೋಡಬೇಕು. ಹಾಗೆ ರುಚಿ ನೋಡಿ ನೋಡಿಯೇ ಅವರಿಗೆ ಸಕ್ಕರೆ ಕಾಯಿಲೆ ಬಂತು ಅನ್ನೋದು ನನ್ನ ತೀರ್ಮಾನ.

ಅದರ ಜೊತೆಗೆ ಎರಡೂ ಕಣ್ಣಿಗೆ ಪೊರೆ. ಗಿರಾಕಿಗಳನ್ನು ದನಿಯಿಂದ ಗುರುತು ಹಿಡಿಯುತ್ತಿದ್ದರು. ಒಂದು ದಿನ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ನನ್ನನ್ನೇ "ಏನ್ ಕೊಡ್ಲವ್ವ" ಅಂತ ಕೇಳಿದರು. ಒಳಗೆ ಹೋಗಿ ಅತ್ತುಬಿಟ್ಟೆ. ಮಂಡ್ಯದ ಕಣ್ಣಿನ ಡಾಕ್ಟರು, ಸಕ್ಕರೆ ಇಳಿಯುವ ತನಕ ಆಪರೇಷನ್ ಮಾಡೋದಿಲ್ಲ ಅಂದಿದ್ದರು. ಇವರಿಗೆ ಕಾಫಿ ಬಿಡಿಸೋದು ನನ್ನಿಂದ ಆಗದ ಮಾತು. ಕಾಫಿಯನ್ನೇ ಸರಿ ಮಾಡೋಣ ಅಂತ ಹೊರಟೆ.

ಔಷಧಿ ಲೆಕ್ಕ

ಚಳಿಗಾಲಕ್ಕೆ ಶುರು ಮಾಡಿದೆ. ಶುಂಠಿ, ಮೆಣಸು ಜಾಸ್ತಿ ಮಾಡಿ, ಸಕ್ಕರೆ ತೆಗೆದು, ಚೂರೇ ಚೂರು ಬೆಲ್ಲ ಹಾಕಿದೆ.

ಭಾರತೀನಗರದ ಕಡೆಯ ಒಬ್ಬ ರೈತ ನಮ್ಮ ಖಾಯಂ ಗಿರಾಕಿ. ಫ್ಯಾಕ್ಟರಿಗೆ ಕಬ್ಬು ಇಳಿಸಿ, ಮದ್ದೂರಿಗೆ ಕೆಲಸದ ಮೇಲೆ ಬಂದಾಗೆಲ್ಲ ನಮ್ಮಲ್ಲೇ ಕಾಫಿ. ಹೊಸ ಕಾಫಿ ಪೂರ್ತಿ ಕುಡಿದು, ಎದೆಗೆ ಹಿತವಾಗಿದೆ ಅಂತ ಬಹಳ ಹೊಗಳಿದ. ಹೊಗಳಿ, ಲೋಟ ಮತ್ತೆ ಮುಂದಕ್ಕೆ ಚಾಚಿದ.

"ಬೆಲ್ಲ ಔಸ್ದಿ ಕಣವ್ವ. ಔಸ್ದಿ ಕುಡ್ದಾಯ್ತು, ಈಗ ಕಾಪಿ ಕೊಡು. ಸಕ್ರೆ ಒಸಿ ಮುಂದಾಗಿರ್ಲಿ."

ಯಜಮಾನರಿಗೆ ಈ ಲೆಕ್ಕ ತುಂಬಾ ಹಿಡಿಸಿತು. ಅವತ್ತಿನಿಂದ ಅವರೂ ಮೊದಲು ಔಷಧಿ, ಆಮೇಲೆ ಕಾಫಿ. ಮಂಡ್ಯಕ್ಕೆ ಹೋಗಿ ರಕ್ತ ಕೊಟ್ಟರೆ ಸಕ್ಕರೆ ಇನ್ನೂ ಮೇಲೇರಿತ್ತು. ಈ ಕಾಯಿಲೆಗೆ ಬೆಲ್ಲವೂ ಒಂದೇ ಸಕ್ಕರೆಯೂ ಒಂದೇ ಅಂತ ಡಾಕ್ಟರು ಬೈದು ಕಳಿಸಿದರು.

ಈ ಮಾತನ್ನು ಆ ರೈತನಿಗೆ ಹೇಳಿದೆ. ಮನೆ ಹೆಣ್ಣುಮಗಳನ್ನು ಯಾರೋ ಆಡಿಕೊಂಡ ಹಾಗೆ ಮುಖ ಸಣ್ಣದು ಮಾಡಿಕೊಂಡ. ಆ ಡಾಕ್ಟರು ಯಾವೂರವರು ಅಂತ ಕೇಳಿದ. ಬೇರೆ ಜಿಲ್ಲೆಯವರು ಅಂದೆ.

"ಅದ್ಕೆ ಮತ್ತೆ" ಅಂದು, ನೆಮ್ಮದಿಯಾಗಿ ಸಕ್ಕರೆ ಕದಡಿಕೊಂಡ.

ಪಕ್ಕದ ಅಂಗಡಿಯವರ ಹಾರೈಕೆ

ಬೇಸಿಗೆ ಬಂತು. ತಣ್ಣನೆ ಕಾಫಿಯಿಂದ ಐಸ್‌ಕ್ರೀಮ್ ಕಿತ್ತು ಹಾಕಿದೆ. ಕೆನೆ ತೆಗೆದ ಹಾಲು, ಸ್ವಲ್ಪ ಹುರಿದ ರಾಗಿ ಹಿಟ್ಟಿನ ಗಂಜಿ, ಗಟ್ಟಿ ಡಿಕಾಕ್ಷನ್. ಸಕ್ಕರೆ, ಬೆಲ್ಲ ಎರಡೂ ಇಲ್ಲ.

ಯಾರು ಕುಡೀತಾರೆ ಇದನ್ನ ಅಂದುಕೊಂಡಿದ್ದೆ. ಕಾಲೇಜು ಹುಡುಗಿಯರು ಹಿಂಡು ಹಿಂಡಾಗಿ ಬಂದರು. ಲೋಟದ ಫೋಟೋ ತೆಗೆದರು, ಆಂಟಿ ಇದು ಡಯಟ್ಟಿಗೆ ಒಳ್ಳೇದು ಅಂತ ಹೊಗಳಿದರು. ಬದುಕಿನಲ್ಲಿ ಮೊದಲ ಸಲ ಏನೋ ಸಾಧಿಸಿದೆ ಅನ್ನಿಸಿತು. ಯಜಮಾನರೂ ತಕರಾರಿಲ್ಲದೆ ಕುಡಿಯುತ್ತಿದ್ದರು. ಕುಡಿದು, ಗಾಳಿಗೆ ಒಂದು ಸುತ್ತು ಹೋಗಿ ಬರುತ್ತೇನೆ ಅಂತ ಗೋಡೆ ಹಿಡಿದುಕೊಂಡು ಹೊರಡುತ್ತಿದ್ದರು. ಕಣ್ಣು ಕಾಣದಿದ್ದರೂ ನಡೆದಾಡುತ್ತಾರಲ್ಲ ಅಂತ ಖುಷಿಪಟ್ಟೆ.

ಒಂದು ಸಂಜೆ ಪಕ್ಕದ ಸ್ವೀಟ್ ಅಂಗಡಿಯವರು ಬಂದು ಕೈ ಮುಗಿದರು.

"ಅಕ್ಕ, ನಿಮ್ ಸಪ್ಪೆ ಕಾಫಿ ಮಾತ್ರ ನಿಲ್ಲಿಸ್ಬೇಡಿ. ಅದನ್ನ ಕುಡ್ದೋರೆಲ್ಲ ಸೀದಾ ನಮ್ಮಲ್ಲಿಗೇ ಬತ್ತಾರೆ. ಜಾಮೂನು ಮಾಡಿ ಪೂರೈಸಕ್ಕಾಯ್ತಾ ಇಲ್ಲ."

ಯಾರ್ಯಾರು ಬರುತ್ತಾರೆ ಅಂತ ಕೇಳಿದೆ. ಹುಡುಗಿಯರು ಅಂದರು. ಆಮೇಲೆ, ಎಲ್ಲರಿಗಿಂತ ಮೊದಲು ನಿಮ್ಮ ಯಜಮಾನರೇ ಬರೋದು ಅಂದರು. ದಾರಿ ಹೇಗೆ ಗೊತ್ತಾಗುತ್ತೆ ಅವರಿಗೆ ಅಂದರೆ, "ಪಾಕದ ವಾಸ್ನೆ ಹಿಡ್ಕೊಂಡು ಬಂದ್ಬುಡ್ತಾರೆ ಕಣಕ್ಕ."

ಮಳವಳ್ಳಿಯ ಹಾಲು

ಮಳೆಗಾಲದ ಶುರುವಿನಲ್ಲಿ ಯಜಮಾನರನ್ನು ಅಂಗಡಿಯಿಂದಲೇ ದೂರ ಇಡೋಣ ಅಂತ ಮಳವಳ್ಳಿಗೆ ಅವರ ಅಕ್ಕನ ಮನೆಗೆ ಕರೆದುಕೊಂಡು ಹೋದೆ. ಹೊಸಿಲು ದಾಟುವಾಗಲೇ ಹೇಳಿದೆ, ಇವರ ಕಾಫಿಗೆ ಸಕ್ಕರೆ ಹಾಕಬೇಡಿ, ಕಣ್ಣಿನ ಪ್ರಶ್ನೆ ಅಂತ. ತಮ್ಮನಿಗೆ ಸಪ್ಪೆ ಕಾಫಿ ಕೊಟ್ಟರೆ ಬೀದಿಯವರು ಏನಂದುಕೊಂಡಾರು ಅಂತ ಆಕೆ ಅತ್ತರು. ನಾನು ಜಗ್ಗಲಿಲ್ಲ. ಕೊನೆಗೆ ಕಣ್ಣೊರೆಸಿಕೊಂಡು, ಕಾಫಿಗೆ ಸಕ್ಕರೆ ಹಾಕೋದಿಲ್ಲ ಅಂತ ದೇವರ ಮೇಲೆ ಆಣೆ ಇಟ್ಟರು.

ಇವರನ್ನು ಅಲ್ಲೇ ಬಿಟ್ಟು ಬಂದೆ. ಹದಿನೈದು ದಿನ ಇದ್ದರು. ಅಲ್ಲಿಂದ ಬಂದವರನ್ನು ನೇರ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ರಿಪೋರ್ಟು ನೋಡಿ, ಇವರ ಮುಖ ನೋಡಿ, ನನ್ನ ಮುಖ ನೋಡಿ, ಮುಂದಿನವರನ್ನು ಕರೆಸಿದರು. ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಅವರ ಅಕ್ಕನಿಗೆ ಫೋನ್ ಮಾಡಿದೆ. ಆಣೆ ಇಟ್ಟಿದ್ದಿರಲ್ಲ ಅಂದೆ.

"ಆಣೆ ಯಾಕವ್ವ ತೆಪ್ಪಲಿ? ಕಾಪಿಗೆ ಒಂದ್ ಅಳ್ಳು ಸಕ್ರೆ ಆಕಿಲ್ಲ. ಹಾಲು ಕಾಯ್ಸೋವಾಗ್ಲೇ ಹಾಲ್ಗೆ ಆಕ್ಬುಡ್ತಿದ್ದೆ."

ಯಾರೂ ಕುಡಿಯದ ಕಾಫಿ

ಇನ್ನು ಇವರು ಕುರುಡರಾಗಿಯೇ ಇರುತ್ತಾರೆ, ನನ್ನ ಹಣೆಬರಹ ಇಷ್ಟೇ ಅಂತ ಕೈಚೆಲ್ಲಿದೆ. ಆ ಸಿಟ್ಟಿನಲ್ಲೇ ಮಳೆಗಾಲದ ಏಲಕ್ಕಿ ಕಾಫಿ ನಿಲ್ಲಿಸಿ, ಮೆಂತ್ಯ, ಜೀರಿಗೆ, ಒಣಶುಂಠಿ ಕುದಿಸಿ ಒಂದು ಕಾಫಿ ಮಾಡಿದೆ. ಸಕ್ಕರೆ ಡಬ್ಬವನ್ನು ಇವರು ತಡವಿ ತಡವಿ ಹುಡುಕುತ್ತಿದ್ದರಿಂದ, ಸ್ಟೂಲು ಹತ್ತಿ ಮೇಲಿನ ಶೆಲ್ಫಿನಲ್ಲಿ ದೇವರ ಪಟದ ಪಕ್ಕ ಇಟ್ಟೆ. ಕೈಗೆ ಎಟುಕುವ ಹಾಗಿರಲಿಲ್ಲ, ಕಣ್ಣಿಗೆ ಹೇಗೂ ಕಾಣುತ್ತಿರಲಿಲ್ಲ.

ಆ ಕಾಫಿ ಕುಡಿದ ಮೊದಲ ಗಿರಾಕಿ ಲೋಟ ಕೆಳಗಿಟ್ಟು, ಮನೆಯಲ್ಲಿ ಏನಾದರೂ ತೊಂದರೆಯೇನಮ್ಮ ಅಂತ ವಿಚಾರಿಸಿದರು. ಎರಡನೆಯವರು ವಿಚಾರಿಸಲೂ ಇಲ್ಲ, ಎದ್ದು ಹೋದರು. ಅಂಗಡಿ ಭಣಭಣ ಅಂತಿತ್ತು. ಯಜಮಾನರು ಒಂದು ಗುಟುಕು ಬಾಯಿಗೆ ಹಾಕಿ, ಹುಟ್ಟಿದಾಗಿನಿಂದ ಮೊದಲ ಸಲ, ನನಗೆ ಕಾಫಿ ಬೇಡ ಅಂದರು. ತಿಂಗಳುಗಟ್ಟಲೆ ಬರೀ ನೀರು ಕುಡಿದರು. ಇವರಿಗೆ ಜಾಮೂನು ಕೊಡಬೇಡಿ ಅಂತ ಪಕ್ಕದ ಸ್ವೀಟ್ ಅಂಗಡಿಯವರಿಗೆ ನಾನೂ ಕೈ ಮುಗಿದು ಬಂದಿದ್ದೆ. ಸಕ್ಕರೆ ಇಳಿಯಿತು.

ಡಾಕ್ಟರು ನನ್ನನ್ನು ಮೆಚ್ಚಿ, ಯಾವ ಕಾಫಿ ಕೊಟ್ಟಿರಿ ಅಂತ ಕೇಳಿದರು. ಯಾರೂ ಕುಡಿಯದ ಕಾಫಿ ಸಾರ್, ಅದರಷ್ಟು ಆರೋಗ್ಯಕ್ಕೆ ಒಳ್ಳೇದು ಇನ್ನೊಂದಿಲ್ಲ ಅಂದೆ.

ಪಟ್ಟಿ ಬಿಚ್ಚಿದ ದಿನ

ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿನದು ಎರಡು ತಿಂಗಳು ಬಿಟ್ಟು, ಅದೂ ಸಕ್ಕರೆ ಹೀಗೇ ಇದ್ದರೆ ಅಂತ ಡಾಕ್ಟರು ಬೆರಳು ತೋರಿಸಿ ಹೇಳಿದರು. ಪಟ್ಟಿ ಬಿಚ್ಚಿಸಿಕೊಂಡು, ಕಪ್ಪು ಕನ್ನಡಕ ಹಾಕಿಸಿಕೊಂಡು ಮದ್ದೂರಿಗೆ ಬಂದೆವು.

ಅಂಗಡಿ ಒಳಗೆ ಇವರನ್ನು ಅವರ ಜಾಗದಲ್ಲೇ ಕೂರಿಸಿ, ನಾನೇ ಕನ್ನಡಕ ತೆಗೆದೆ. ಬೇಕೆಂದೇ ಒಳ್ಳೇ ಸೀರೆ ಉಟ್ಟಿದ್ದೆ. ನಾಚಿಕೆ ಬಿಟ್ಟು ಎದುರಿಗೆ ನಿಂತು, ಏನ್ ಕಾಣ್ತದೆ ಯೋಳಿ ಅಂದೆ.

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. "ಕೂದ್ಲು ಬೆಳ್ಗಾಗೋಗದಲ್ಲೇ" ಅಂದರು ಮೆತ್ತಗೆ. ಒಂದು ವರ್ಷದ ಹೊಟ್ಟೆಉರಿ ಎಲ್ಲ ಕರಗಿಹೋಯಿತು. ಕಣ್ಣಿಗೆ ಸೆರಗು ಒತ್ತಿಕೊಂಡೆ. ಸೆರಗು ತೆಗೆದು ನೋಡಿದರೆ ಅವರ ನೋಟ ನನ್ನ ತಲೆ ಮೇಲಿಂದ ದಾಟಿ ಹೋಗಿತ್ತು.

"ಓ, ದೇವ್ರ ಪಟದ ಪಕ್ಕ ಮಡಗಿದ್ಯಾ ಸಕ್ರೆ ಡಬ್ಬವ?"

ಸ್ಟೂಲು ತಂದೆ. ಹತ್ತಿದೆ. ಡಬ್ಬ ಇಳಿಸಿ, ಅವರ ಎಡಗಣ್ಣಿನ ಕಡೆಯ ಗೋಡೆಗೆ ಸಾಗಿಸಿದೆ.