ನಕ್ಷತ್ರ ಹಾಕಿ ಹುಡುಕಿ!

ಅಮೃತೇಶನ ಕಷ್ಟಕ್ಕೆಲ್ಲ ಮೂಲ ‘ಹ’ಕಾರ. ಕವಲಂದೆಯಲ್ಲಿ ಹುಟ್ಟಿ ಬೆಳೆದವನಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅಳ್ಳಿ, ಅಸು, ಅಬ್ಬ ಎಂದುಕೊಂಡು ಸುಖವಾಗಿದ್ದ. ನಂಜನಗೂಡಿನ ನೂಲಿನ ಗಿರಣಿಗೆ ಇಂಟರ್‌ವ್ಯೂಗೆ ಬಂದಾಗ ‘ನಂದು ಅಳ್ಳಿ ಸಾ’ ಎಂದ. ಮೇಜಿನಾಚೆ ಕೂತಿದ್ದವರೆಲ್ಲ ನಕ್ಕರು. ಕೆಲಸವೇನೋ ಸಿಕ್ಕಿತು, ಆ ನಗು ಮಾತ್ರ ಕಿವಿಯಿಂದ ಇಳಿಯಲಿಲ್ಲ. ಅಂದಿನಿಂದ ಅವನು ಬೇಡದ ಕಡೆಯೂ ಒಂದೊಂದು ‘ಹ’ ಸೇರಿಸತೊಡಗಿದ. ಆಫೀಸು ಹಾಫೀಸಾಯಿತು, ಇಡ್ಲಿ ಹಿಡ್ಲಿಯಾಯಿತು. ಗಾಬರಿಯಾದರೆ ಮಾತ್ರ ನಾಲಿಗೆ ಹೇಳದೆ ಕೇಳದೆ ಕವಲಂದೆಗೆ ಓಡಿಹೋಗುತ್ತಿತ್ತು.

ಅದು ತೊಂಬತ್ತಾರರ ನವೆಂಬರ್. ಗಿರಣಿಯ ಮ್ಯಾನೇಜರ್ ನಟರಾಜ್ ಅವರಿಗೆ ರಾಜ್ಯೋತ್ಸವದ ಹುರುಪು. ಕನ್ನಡದಲ್ಲಿ ಪದವಿದ್ದೂ ಇಂಗ್ಲಿಷ್ ಬಳಸಿದವರು ಎಲ್ಲರಿಗೂ ಟೀ ಕೊಡಿಸಬೇಕೆಂದು ಆಜ್ಞೆ ಮಾಡಿದ್ದರು. ಹಾಗಾಗಿ ಫೈಲು ಕಡತವಾಯಿತು, ಪರ್ಮನೆಂಟು ಖಾಯಂ ಆಯಿತು, ಕೀಲಿಮಣೆಯ ಸ್ಟಾರ್ ಚಿಹ್ನೆ ನಕ್ಷತ್ರವಾಯಿತು.

‘ರೀ ಅಮೃತೇಶ್, ಈ ತಿಂಗಳ ಹಾಜರಿ ಕಡತ ಎಲ್ರೀ? ಸಂಜೆಯೊಳಗೆ ಹೆಡ್ಡಾಫೀಸಿಗೆ, ಅಲ್ಲ, ಪ್ರಧಾನ ಕಚೇರಿಗೆ ಬೇಕಂತೆ’ ಎಂದು ನಟರಾಜ್ ಬೆಳಗ್ಗೆಯೇ ಕೂಗಿದರು.

‘ಶನಿವಾರಾನೇ ಮಾಡಿಟ್ಟಿದೀನಿ ಸಾರ್!’

ಮಾಡಿಟ್ಟದ್ದು ನಿಜ. ಹೊರಗೆ ಕಂಪನಿ ಬಸ್ಸು ಹಾರನ್ ಬಾರಿಸುತ್ತಿದ್ದಾಗ ಎದ್ದೆನೋ ಬಿದ್ದೆನೋ ಎಂದು ಒಂದು ಹೆಸರು ಕುಟ್ಟಿ ಓಡಿದ್ದ. ಯಾವ ಹೆಸರು? ಹಾಜರಿ ಕಡತಕ್ಕೆ ಹಾಜರಿ ಎಂದಲ್ಲದೆ ಇನ್ನೇನು ಹೆಸರಿಟ್ಟಾನು! ಆದರೆ ಪರದೆಯ ಹಸಿರು ಅಕ್ಷರಗಳು ಅಂಥದ್ದೊಂದು ಇಲ್ಲವೇ ಇಲ್ಲ ಎಂದವು. ನಂಜನಗೂಡಿನಲ್ಲಿದ್ದದ್ದು ಪರದೆ ಮತ್ತು ಕೀಲಿಮಣೆ ಅಷ್ಟೆ. ಸಾವಿರಾರು ಕಡತ ನುಂಗಿ ಕೂತಿದ್ದ ಮೇನ್‌ಫ್ರೇಮ್ ಎಂಬ ದೊಡ್ಡ ಯಂತ್ರ ಮೈಸೂರಿನ ಎ.ಸಿ. ಕೋಣೆಯಲ್ಲಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರು ಸರಿಯಾಗಿ ಹೇಳದಿದ್ದರೆ ಅದು ಯಾರಿಗೂ ಏನೂ ಕೊಡುತ್ತಿರಲಿಲ್ಲ.

‘ನಕ್ಷತ್ರ ಹಾಕಿ ಹುಡುಕ್ರೀ!’ ನಟರಾಜ್ ಇಡೀ ಹಾಲಿಗೆ ಕೇಳುವಂತೆ ಹೇಳಿದರು. ‘ಗೊತ್ತಿರೋ ಅಕ್ಷರ ಹಾಕಿ, ಗೊತ್ತಿಲ್ಲದ ಕಡೆ ನಕ್ಷತ್ರ ಇಡಿ. ಅದಕ್ಕೆ ಹೊಂದೋದೆಲ್ಲಾ ತಾನಾಗೇ ಬರುತ್ತೆ. ಸಿಕ್ಕಿದ್ರೆ ಇವತ್ತೇ ನಿಮ್ಮನ್ನ ಖಾಯಂ ಮಾಡ್ತೀನಿ. ಇಲ್ಲಾಂದ್ರೆ ಇನ್ನೊಂದು ವರ್ಷ ಹೀಗೇ!’

ಖಾಯಂ ಆದರೆ ಮಾತ್ರ ಅಮೃತೇಶನಿಗೆ ಮಗಳನ್ನು ಕೊಡುವುದಾಗಿ ಟಿ. ನರಸೀಪುರದ ಗೊಬ್ಬರದಂಗಡಿ ಚಿಕ್ಕಬಸಪ್ಪ ಹೇಳಿದ್ದರು. ಆ ಮಗಳು ಪವಿತ್ರ, ಕಾಫಿ ಲೋಟ ಕೊಡುವಾಗ ಇವನನ್ನು ನೋಡಿ ನಕ್ಕಿದ್ದಳು. ಅಂಥ ನಗುವಿಗೆ ಇನ್ನೊಂದು ವರ್ಷ ಕಾಯುವುದು ಅವನಿಂದಾಗದ ಮಾತು.

ಪಕ್ಕದ ಮೇಜಿನ ಹಿರಿಯ ಗುಮಾಸ್ತೆ ಸುಬ್ಬಲಕ್ಷ್ಮಮ್ಮನವರ ಕಿವಿ ಅಷ್ಟರಲ್ಲಿ ನಿಮಿರಿತ್ತು. ಊರಿನ ಅರ್ಧ ಮದುವೆ ಕುದುರಿಸಿದವರು ಅವರು. ಚಿಕ್ಕಬಸಪ್ಪನ ಸಂಬಂಧ ತಂದವರೂ ಅವರೇ.

‘ಏನಪ್ಪಾ, ನಕ್ಷತ್ರ ಹಾಕಿ ಏನು ಹುಡುಕ್ತಿದೀಯಾ?’

‘ಹೊಂದೋದು ಯಾವ್ದಾದ್ರೂ ಸಿಗುತ್ತಾ ಅಂತ ನೋಡ್ತಿದೀನಿ ಮೇಡಂ’ ಎಂದ ಅಮೃತೇಶ, ತಲೆಯೆತ್ತದೆ.

ಸುಬ್ಬಲಕ್ಷ್ಮಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಅವನು ‘ಹಾಜ’ ಎಂದು ಹೊಡೆದು ಹಿಂದೊಂದು ನಕ್ಷತ್ರವಿಟ್ಟ. ಇಲ್ಲ. ಹೆಸರಿನ ಹಿಂದೆ ಮುಂದೆ ಏನಾದರೂ ಸೇರಿಸಿದ್ದೆನೋ ಎಂದು, ‘ಹ’ಕ್ಕೆ ಬೇಕಾದ ‘ಹೆಚ್’, ‘ಎ’ ಎಂಬ ಎರಡು ಇಂಗ್ಲಿಷ್ ಅಕ್ಷರ ಹೊಡೆದು, ಎರಡೂ ಪಕ್ಕ ನಕ್ಷತ್ರವಿಟ್ಟ. ಕೈ ತಪ್ಪಿ ಅದು ಪರದೆಗೆ ಬರುವ ಬದಲು ಪ್ರಿಂಟರಿಗೆ ಹೋಯಿತು. ಪ್ರಿಂಟರು ಕಿರ್ರೋ ಎಂದು ಕಾಗದ ಕಕ್ಕತೊಡಗಿತು. ಕೆಲಸಗಾರರಿಗೆಲ್ಲ ಅವರವರ ಹೆಸರಿನದೇ ಕಡತವಿದ್ದುದರಿಂದ ಚೈತ್ರ, ಚಲುವಮ್ಮ ಹೀಗೆ ಇಂಗ್ಲಿಷಿನಲ್ಲಿ ಬರೆದಾಗ ಹೆಸರೊಳಗೆಲ್ಲೋ ಆ ಎರಡಕ್ಷರ ಇದ್ದವರೆಲ್ಲ ಸಾಲಾಗಿ ಹೊರಬಂದರು. ಅಟೆಂಡರ್ ದೇವಯ್ಯ ಸೀರೆ ಮಡಿಚುವಂತೆ ಮಡಿಚಿ ಮಡಿಚಿ ಸುಸ್ತಾದ.

‘ಸಾ, ನಿಮ್ಮೆಸ್ರೂ ಅದೆ ನೋಡಿ ಇಲ್ಲಿ. ಅಮೃತೇಸು!’ ಎಂದ ಅವನು, ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತ.

‘ಇರ್ಲಿ ಬಿಡಿ ದೇವಯ್ಯ! ನನ್ನ ತಾಪತ್ರಯ ನನಗೆ!’

ಸುಬ್ಬಲಕ್ಷ್ಮಮ್ಮ ಆ ಕಾಗದದ ಮೇಲೆ ಕಣ್ಣಾಡಿಸಿದರು. ಕಂಡದ್ದೆಲ್ಲ ಹೆಣ್ಣುಮಕ್ಕಳ ಹೆಸರೇ. ನೇರ ಹೋಗಿ ನರಸೀಪುರಕ್ಕೆ ಫೋನು ತಿರುಗಿಸಿದರು.

ಮೂರು ಗಂಟೆಗೆ ಗಿರಣಿಯ ಫೋನು ಹೊಡೆದುಕೊಂಡಿತು.

‘ಏನಪ್ಪಾ ಅಮೃತೇಸ, ನಮ್ಮುಡುಗೀನ ಒಪ್ಕಂಡು ಓಗಿ, ಈಗ ಕಂಪೂಟ್ರೊಳಗೆ ನಕ್ಸತ್ರ ಆಕ್ಕಂಡು ಬೇರೆ ಎಣ್ಣು ನೋಡ್ತಿದ್ದೀಯಂತೆ?’ ಚಿಕ್ಕಬಸಪ್ಪನ ದನಿ ಗುಡುಗಿತು. ‘ಖಾಯಮ್ಮೂ ಆಗ್ನಿಲ್ಲ, ಇನ್ನೇನು ಎಚ್ಚುಗಾರಿಕೆ? ಇರು, ನಾನೇ ಬಸ್ ಅತ್ತಿ ಬತ್ತೀನಿ!’

‘ಅಯ್ಯಯ್ಯೋ ಮಾವಾ! ಎಣ್ಣಲ್ಲ, ಆಜರಿ! ಆಜರಿ ಉಡುಕ್ತಿದ್ದೀನಿ! ನಮ್ಮವ್ವನಾಣೆ, ಬರೀ ಆಜರಿ...’

ಅವನ ಮಾತು ಅಲ್ಲೇ ನಿಂತಿತು. ಆಜರಿ! ಶನಿವಾರವೂ ಹೀಗೇ ಗಾಬರಿಯಲ್ಲಿದ್ದೆನಲ್ಲ! ಫೋನು ಅಲ್ಲೇ ಬಿಟ್ಟು ಓಡಿದ. ‘ಹ’ ತೆಗೆದು, ‘ಆಜ’ ಎಂದು ಹೊಡೆದು ಒಂದು ನಕ್ಷತ್ರವಿಟ್ಟ. ಕಡತ ಕಳ್ಳಬೆಕ್ಕಿನಂತೆ ಪರದೆಯ ಮೇಲೆ ಬಂದು ಕೂತಿತು.

‘ಸಿಕ್ತು ಸಾ! ಸಿಕ್ತು!’ ಎಂದು ಕುಣಿದೇಬಿಟ್ಟ. ಬೆಳಗ್ಗೆಯಿಂದ ಸತ್ತಿದ್ದ ಹಸಿವು ಎದ್ದು ಕೂತಿತು. ಕ್ಯಾಂಟೀನಿನಲ್ಲಿ ಮಿಕ್ಕಿದ್ದ ತಣ್ಣನೆಯ ಇಡ್ಲಿಯನ್ನು ಇಡ್ಲಿ ಎಂದೇ ಕರೆದು ತಿಂದ. ಎಂಥ ನೆಮ್ಮದಿ!

ನಟರಾಜ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ‘ತೆಗೀರಿ ನಿಮ್ಮ ಕಡತ. ಅದರಿಂದಲೇ ಆದೇಶ ಅಚ್ಚಾಗಬೇಕು.’

ತೆಗೆದರೆ ಅಮೃತೇಶ್ ಎಂಬ ಹೆಸರಿನ ಕಡತವೇ ಇಲ್ಲ! ‘ಅಮೃ’ ಎಂದಷ್ಟೇ ಹೊಡೆದು ಮುಂದೆ ಹಿಂದೆ ನಕ್ಷತ್ರವಿಟ್ಟು ಹುಡುಕಿದಾಗ ಸಿಕ್ಕಿದ್ದು ‘ಹಮೃತೇಸ್’. ಇಂಟರ್‌ವ್ಯೂನ ನಗು ಇನ್ನೂ ಕಿವಿಯಲ್ಲಿದ್ದ ಮೊದಲ ದಿನ ಅವನೇ ಬಹಳ ಎಚ್ಚರವಾಗಿ ಹೆಸರಿನ ಮುಂದೊಂದು ‘ಹೆಚ್’ ಸೇರಿಸಿದ್ದ. ಮೇನ್‌ಫ್ರೇಮಿನಲ್ಲಿ ಹೆಸರಿಗೆ ಎಂಟೇ ಅಕ್ಷರ. ಮುಂದೆ ಬಂದ ‘ಹೆಚ್’ ಕೊನೆಯ ‘ಹೆಚ್’ ಅನ್ನು ಹೊರಗೆ ತಳ್ಳಿ, ‘ಶ್’ ಹೋಗಿ ‘ಸ್’ ಉಳಿದಿತ್ತು. ಇಷ್ಟು ದಿನ ಎಲ್ಲವೂ ಟೋಕನ್ ನಂಬರಿನ ಮೇಲೆ ನಡೆದಿದ್ದರಿಂದ ಹೆಸರನ್ನು ಯಾರೂ ನೋಡಿರಲಿಲ್ಲ.

‘ತಿದ್ದೋಕೆ ಮೈಸೂರಿಗೆ ಬರೀಬೇಕು, ವರ್ಷ ಹಿಡಿಯುತ್ತೆ. ಸದ್ಯಕ್ಕೆ ನೀವು ಹಮೃತೇಸ್ ಆಗಿಬಿಡಿ’ ಎಂದು ನಟರಾಜ್ ನಗುತ್ತ ಸಹಿ ಹಾಕಿದರು.

ಹೆಸರು ಹಾಳಾಗಲಿ, ಖಾಯಂ ಆಯಿತಲ್ಲ! ಅಮೃತೇಶ ಆದೇಶವನ್ನು ಎದೆಗೊತ್ತಿಕೊಂಡು ಗೇಟಿಗೆ ಬರುವುದಕ್ಕೂ ಚಿಕ್ಕಬಸಪ್ಪ ಬೆವರೊರೆಸಿಕೊಳ್ಳುತ್ತ ಒಳಗೆ ಬರುವುದಕ್ಕೂ ಸರಿಹೋಯಿತು. ಅವರಿಗೆ ಇಂಗ್ಲಿಷ್ ಬಾರದು. ಆದೇಶ ಕಸಿದು ದೇವಯ್ಯನ ಕೈಗಿತ್ತರು.

‘ಓದಪ್ಪಾ, ಏನಾಕವ್ರೆ?’

ದೇವಯ್ಯ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಹುಟ್ಟಿದಾಗಿನಿಂದ ಹೇಗೆ ಓದುತ್ತಿದ್ದನೋ ಹಾಗೇ ಓದಿದ: ‘ಅಮೃತೇಸು ಅನ್ನೋರ್ನ ಖಾಯಂ ಮಾಡವ್ರೆ ಕಣ್ಸಾ.’

ಅಮೃತೇಶನಿಗೆ ದೇವಯ್ಯನ ಕಾಲಿಗೆ ಬೀಳಬೇಕೆನ್ನಿಸಿತು. ಚಿಕ್ಕಬಸಪ್ಪನ ಮುಖ ಅರಳಿತು. ‘ಅಂಗನ್ನು ಮತ್ತೆ! ಬಾರಪ್ಪಾ ಅಳಿಯ...’ ಎಂದು ಹೆಗಲ ಮೇಲೆ ಕೈಯಿಟ್ಟರು.

ಅಷ್ಟರಲ್ಲಿ ಮನೆಗೆ ಹೊರಟಿದ್ದ ಸುಬ್ಬಲಕ್ಷ್ಮಮ್ಮ ಅಲ್ಲಿಗೆ ಬಂದು, ಕನ್ನಡಕ ಏರಿಸಿ ಕಾಗದಕ್ಕೆ ಬಗ್ಗಿದರು.

‘ಸರಿಯಾಗಿ ಓದಿ ದೇವಯ್ಯ. ಅಮೃತೇಸ್ ಅಲ್ಲ, ಹಮೃತೇಸ್. ಹ! ಹ!’

ಹೆಗಲ ಮೇಲಿನ ಕೈ ಕೆಳಗಿಳಿಯಿತು.

‘ನಾನೇ ಮಾವಾ ಅದು!’ ಅಮೃತೇಶ ಗಾಬರಿಯಿಂದ ಕೂಗಿದ. ‘ನಾನೇ ಅಮೃತೇಸು! ಅಮೃತೇಸು!’ ಎಷ್ಟು ತಿಣುಕಿದರೂ ‘ಹ’ ಮಾತ್ರ ಹೊರಡಲೊಲ್ಲದು.

‘ನೀನು ಅಮೃತೇಸು ಅಂತ ನಂಗೊತ್ತಿಲ್ವಾ?’ ಎಂದರು ಚಿಕ್ಕಬಸಪ್ಪ. ಆಮೇಲೆ ಸುಬ್ಬಲಕ್ಷ್ಮಮ್ಮನವರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, ಅಕ್ಷರ ತಪ್ಪದಂತೆ ಕೇಳಿದರು:

‘ಅಮ್ಮಾ, ಆ ಹ... ಹಮೃತೇಸು ಅನ್ನೋರ್ಗೆ ಮದ್ವೆ ಆಗಿದ್ದದಾ? ಅವರ ನಕ್ಸತ್ರ ಯಾವ್ದು?’